ಗುಡ್ಡೆ

ಹೊಸತೊಡಕಿನ ಬೆಳಗು, ಇನ್ನೂ ನಾಲ್ಕೂವರೆ.
ಮೂಡಲಪಾಳ್ಯದ ನಮ್ಮ ಮನೆ ಮೆಟ್ಟಿಲ ಬುಡದಲ್ಲಿ
ಬಾಡಿಗೆಯವರ ಎರಡು ಸ್ಕೂಟರು ಆಚೆ ತಳ್ಳಿ,
ನೆಲ ತೊಳೆದು, ಬಾಳೆಲೆ ಹಾಸಿ ಕೂತಿದ್ದೇವೆ.
ನಿನ್ನೆಯ ಬೇವು ನಾಲಗೆಯಲ್ಲಿನ್ನೂ ಒಂದೆಳೆ ಕಹಿ;
ಒಬ್ಬಟ್ಟಿನ ಸಾರಿನ ಪಾತ್ರೆ ತಿಕ್ಕಿಲ್ಲ.

ಮರಿ ಎರಡು. ಚೀಟಿ ಹಾಕಿದವರು ಹದಿನೆಂಟು.
ಪುಸ್ತಕ ಈ ವರ್ಷ ನನ್ನ ಕೈಲಿ.
ತಾತನ ಕಾಲಕ್ಕೆ ತಿಂಗಳಿಗೆ ಎರಡು ರೂಪಾಯಿ,
ಅಪ್ಪನ ಕಾಲಕ್ಕೆ ಐವತ್ತಾಗಿ, ನೂರಾಗಿ,
ಈಗ ಫೋನಿನಲ್ಲಿ ಟಿಣ್ ಅಂತ ಬಂದು ಬೀಳುವ ಐನೂರು.
‘ಹೆಂಗಸು ಗುಡ್ಡೆ ಚೀಟಿ ನಡೆಸೋದು ಎಲ್ಲಾದ್ರೂ ಉಂಟಾ’
ಅಂದಿದ್ದ ಬೈಲಪ್ಪ ದೊಡ್ಡಪ್ಪನ ದುಡ್ಡೇ
ಪ್ರತಿ ತಿಂಗಳೂ ಎಲ್ಲರಿಗಿಂತ ಮೊದಲು ಟಿಣ್ ಅಂದದ್ದು.

ತಕ್ಕಡಿ ಮುಟ್ಟುವ ಹಾಗಿಲ್ಲ. ಕಣ್ಣೇ ತಕ್ಕಡಿ.
ತೊಡೆಯದೊಂದು, ಎದೆಮೂಳೆಯದೊಂದು,
ಬೋಟಿ ಒಂದು ಹಿಡಿ,
ಬೆರಳುಗುರಿನಷ್ಟಾದರೂ ಸರಿ, ಎಲ್ಲರಿಗೂ ಈಲಿ.
ಕೂಡಿಸಿ, ಕಳೆದು, ಇಲ್ಲಿಂದೆತ್ತಿ ಅಲ್ಲಿಟ್ಟು
ಹದಿನೆಂಟು ಸಣ್ಣ ಬೆಟ್ಟ.

ಆಮೇಲೆ ಒಂದು ಮಗು ಬೇಕು, ಬೆನ್ನು ತಿರುಗಿಸಿ ನಿಲ್ಲೋಕೆ.

ಏಳು ವರ್ಷ ನಿಂತವಳು ನಾನು.
ಕಣ್ಣೆದುರು ಸುಣ್ಣ ಉದುರಿದ ಗೋಡೆ, ಒಂದು ಹಲ್ಲಿ.
ಹಿಂದೆ ಅಪ್ಪ ಕತ್ತಿ ತುದಿಯಲ್ಲಿ ತೋರಿಸಿ ಕೇಳುತ್ತಿದ್ದ:
‘ಇದು ಯಾರ್ದು?’
‘ಪೇಂಟರ್ ಯಾಲಕ್ಕಯ್ಯಂದು.’
‘ಇದು?’
‘ಸಿದ್ದಗಂಗಮ್ಮತ್ತೇದು.’
ಒಂದು ವರ್ಷ ಮೆಲ್ಲಗೆ ಕಿವಿಯಲ್ಲಿ ಹೇಳಿದ್ದೆ,
‘ಒಳ್ಳೇ ಗುಡ್ಡೆ ಬಂದಾಗ ಕೆಮ್ಮಪ್ಪ, ನಮ್ಮ ಹೆಸರು ಹೇಳ್ತೀನಿ.’
ಅಪ್ಪ ಹದಿನೆಂಟಕ್ಕೂ ಕೆಮ್ಮಿದ.

ಈಗ ಅದೇ ಗೋಡೆ, ಮೇಲೆ ಹಸಿರು ಡಿಸ್ಟೆಂಪರ್.
ನಿಂತವಳು ಮನೋಜ್ಞ, ನನ್ನ ಮಗಳು.
ಏಳನೇ ಕ್ಲಾಸಿನಿಂದ ಬಾಡು ಮುಟ್ಟದವಳು.
ಯಾರು ಬೈದರೂ, ಯಾರು ನಕ್ಕರೂ, ಜಪ್ಪಯ್ಯ ಅನ್ನದವಳು.
ಆದರೂ ಅಲಾರಂ ಇಟ್ಟು ತಾನೇ ಎದ್ದು ಬಂದು
ಮೂಗಿಗೆ ದುಪಟ್ಟಾ ಸುತ್ತಿ ಗೋಡೆಗೆ ಮುಖ ಮಾಡಿದ್ದಾಳೆ.

‘ಇದು ಯಾರ್ದು?’ ಕತ್ತಿ ನನ್ನ ಕೈಲಿ.
‘ಬೈಲಪ್ಪ ತಾತಂದು.’
‘ಇದು?’
‘ಚಿಕ್ಕತಾಯಮ್ಮಂದು.’
‘ಇದು?’
‘ತಾತಂದು.’

ಯಾವ ತಾತ ಅಂತ ಯಾರೂ ಕೇಳಲಿಲ್ಲ.
ಹಾಲಿನ ಗಾಡಿಯೊಂದು ಗಡಗಡಿಸುತ್ತ ಹೋಯಿತು.
ಅಪ್ಪ ಹೋದದ್ದು ಆಷಾಢದಲ್ಲಿ.
ಪುಸ್ತಕದಲ್ಲಿ ಅವನ ಹೆಸರಿನೆದುರು
ನಾಲ್ಕು ತಿಂಗಳು ಅವನದೇ ನೀಲಿ ಗೀಟು,
ಆಮೇಲಿನವು ನನ್ನವು.
ಹೊಡೆದು ಹಾಕೋಣ ಅಂತ ಪೆನ್ನು ತೆಗೆದಾಗೆಲ್ಲ
ಕೈ ಐನೂರು ಕಟ್ಟಿ ಸುಮ್ಮನಾಗುತ್ತಿತ್ತು.
ಇವಳಿಗೆ ನಾನು ಹೇಳಿರಲಿಲ್ಲ.

‘ಸರಿ, ಮುಂದಿಂದು,’ ಅಂದರು ಬೈಲಪ್ಪ ದೊಡ್ಡಪ್ಪ,
ಟವಲಿನಿಂದ ಮುಖ ಒರೆಸಿಕೊಂಡು.

ಆ ಗುಡ್ಡೆ ಎಡೆಗೆ.
ಎಡೆಗಿಡೋದನ್ನ ಮೊದಲು ರುಚಿ ನೋಡಬಾರದು;
ಅಜ್ಜಿ ಸೌಟು ಹಿಡಿದ ಕೈಗೆ ಹೊಡೆದು ಕಲಿಸಿದ್ದು.
ಪ್ರತಿ ವರ್ಷ ನನಗದೇ ಪೇಚಾಟ:
ಕುದಿಯುವ ಸಾರು, ಉಕ್ಕುವ ಬಾಯಿ, ಬೆರಳು ತಡೆಯದು.
‘ನಾನು ಮಾಡ್ತೀನಿ ಬಿಡು,’ ಅಂದಳು ಮನೋಜ್ಞ,
‘ನಾನಂತೂ ನೋಡಲ್ಲವಲ್ಲ.’

ಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ,
ಅಳತೆಯನ್ನು ನನ್ನ ಕೈಯಿಂದಲ್ಲ, ಮೂಗಿನಿಂದ ಕಲಿತಿದ್ದಾಳೆ.
ದುಪಟ್ಟಾ ಯಾವಾಗಲೋ ಕೆಳಗೆ ಜಾರಿತ್ತು.

ಎಡೆ ಎತ್ತಿದ ಮೇಲೆ ಎಲ್ಲರೂ ಉಂಡರು.
ಉಪ್ಪು ಒಂದು ಚಿಟಿಕೆ ಕಮ್ಮಿ.
ಯಾರೂ ತುಟಿ ಪಿಟಕ್ಕೆನ್ನಲಿಲ್ಲ.
ಅಪ್ಪನಿಗೂ ಬಿ.ಪಿ. ಇತ್ತು.